ಮಗಳಿಗೊಂದು ಪತ್ರ: ತರಬೇತಿಗೆ ಹೋಗು, ಹೆಸರು ತೆಗೆಸಬೇಡ

ನನ್ನವ್ವಾ,

ನಿನ್ನೆ ರಾತ್ರಿ ಫೋನಿನಲ್ಲಿ ಇಬ್ಬರ ದನಿಯೂ ಏರಿತು. ನೀನು ಫೋನ್ ಇಟ್ಟುಬಿಟ್ಟೆ. ಆಮೇಲೆ ನನಗೆ ನಿದ್ದೆ ಹತ್ತಲಿಲ್ಲ. ನಿನ್ನ ಮೇಲೆ ರೇಗಿದ್ದಕ್ಕೆ ಬೇಜಾರಾಗಿದೆ, ಹೇಳಿದ ವಿಷಯಕ್ಕೆ ಬೇಜಾರಿಲ್ಲ. ಅದನ್ನೇ ಸಮಾಧಾನವಾಗಿ ಬರೆಯುತ್ತಿದ್ದೇನೆ. ಪೂರ್ತಿ ಓದು.

ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೆಲಸ ಮಾಡುವವಳು ನೀನು, ಹೈದರಾಬಾದಿನ ತರಬೇತಿಗೆ ಹೋಗಲ್ಲ, ಪಟ್ಟಿಯಿಂದ ಹೆಸರು ತೆಗೆಸಿಬಿಡ್ತೀನಿ ಅಂದೆ. ಮೂರು ಕಾರಣ ಕೊಟ್ಟೆ. ಮಗು ಸಣ್ಣದು. ಮಿರಗದ ಮಳೆ ಹತ್ತಿರ ಬಂತು, ಹೊಲದಲ್ಲಿ ಮಾಡಿ ತೋರಿಸುವ ಪ್ರಾತ್ಯಕ್ಷಿಕೆಗೆ ರೈತರ ಆಯ್ಕೆ ಇನ್ನೂ ಮುಗಿದಿಲ್ಲ. ಮೂರನೆಯದು, ಅಲ್ಲಿ ಹೋಗಿ ಕೂತು ಸರ್ಟಿಫಿಕೇಟ್ ತಗೊಂಡು ಬರೋದರಿಂದ ಯಾವ ರೈತನಿಗೆ ಏನು ಉಪಯೋಗ ಅವ್ವಾ ಅಂದೆ.

ಮಗುವಿನದು ದೊಡ್ಡ ಮಾತಲ್ಲ. ನಾನಿದ್ದೇನೆ, ನಿಮ್ಮಪ್ಪ ಇದ್ದಾನೆ. ಹೈದರಾಬಾದ್ ರೈಲು ಹೇಗೂ ನಮ್ಮ ಸೇಡಂ ಮೇಲೆಯೇ ಹೋಗುತ್ತೆ ಅಲ್ವಾ, ಹಿಂದಿನ ದಿನ ಊರಿಗೆ ಬಂದು ಮಗುವನ್ನು ಬಿಟ್ಟು ಇಲ್ಲಿಂದಲೇ ರೈಲು ಹತ್ತು. ನಿಮ್ಮ ಅತ್ತೆಯವರ ಹತ್ತಿರ ನಾನು ಮಾತಾಡುತ್ತೇನೆ. ಅವರು ಬೇಡ ಅನ್ನುವವರಲ್ಲ. ರೈತರ ಪಟ್ಟಿಯನ್ನು ನಿನ್ನ ಜೊತೆಯವರು ನೋಡಿಕೊಳ್ಳುತ್ತಾರೆ.

ಮೂರನೇ ಮಾತು ಮಾತ್ರ ನನ್ನನ್ನು ಬಿಡುತ್ತಿಲ್ಲ.

2022ರ ತೊಗರಿಯ ಕಥೆ ಬೇಡ. ರಾಶಿಯಲ್ಲಿ ಎಷ್ಟು ಬಂತು, ಗಂಜ್ ಮಾರುಕಟ್ಟೆಯಲ್ಲಿ ಏನಾಯ್ತು, ಇಬ್ಬರಿಗೂ ಗೊತ್ತು. ನಾನು ಹೇಳಬೇಕಾದ್ದು ಒಂದು ಮಧ್ಯಾಹ್ನದ್ದು. ನೀನು ಆಗ ರಾಯಚೂರಿನಲ್ಲಿ ಓದುತ್ತಿದ್ದೆ. ರಜೆಗೆ ಬಂದವಳು ಬ್ಯಾಗನ್ನು ಕಟ್ಟೆಯ ಮೇಲಿಟ್ಟು ಸೀದಾ ಹೊಲಕ್ಕೆ ಬಂದೆ.

ನೀನು ಬರುವ ಮೊದಲು ಒಬ್ಬರು ಸಾಹೇಬರು ಬಂದು ಹೋಗಿದ್ದರು. ಯಾವ ಕಚೇರಿಯವರು ಅನ್ನೋದು ಈಗ ಬೇಡ. ಗಾಡಿ ರಸ್ತೆ ಮೇಲೆಯೇ ನಿಂತಿತ್ತು. ಮಳೆ ಬಂದ ಎರೆ ಹೊಲ, ಕಾಲಿಟ್ಟರೆ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಹತ್ತುತ್ತೆ, ಅದಕ್ಕೇ ಇರಬೇಕು, ಅವರು ಬದುವಿನ ಮೇಲೆಯೇ ನಿಂತರು. ತೊಗರಿ ಒಣಗಿದ್ದನ್ನು ದೂರದಿಂದ ನೋಡಿದರು. ಒಂದು ಔಷಧಿಯ ಹೆಸರು ಬರೆದುಕೊಟ್ಟರು. ನಿಮ್ಮಪ್ಪನ ಜೊತೆ ಫೋಟೋ ತೆಗೆಸಿಕೊಂಡು ಹೋದರು. ನಾವು ಅದನ್ನು ತಂದು ಹೊಡೆದೆವು. ಹೊಡೆದ ಮೇಲೂ ಗಿಡಗಳು ಒಣಗುತ್ತಲೇ ಹೋದವು.

ನೀನು ಬಂದವಳೇ ನನ್ನ ಕೈಯಿಂದ ಕುಡುಗೋಲು ಇಸಕೊಂಡೆ. ಅರ್ಧ ಒಣಗಿದ್ದ ಒಂದು ಗಿಡ ಕಿತ್ತೆ. ಅದರ ಒಂದು ಕೊಂಬೆ ಹಸಿರಾಗಿತ್ತು, ಇನ್ನೊಂದು ಪೂರ್ತಿ ಒಣಗಿತ್ತು. ಬುಡದಿಂದ ಮೇಲಕ್ಕೆ ಕಾಂಡದ ಮೇಲೆ ಒಂದು ನೇರಳೆ ಪಟ್ಟಿ ಹತ್ತಿಕೊಂಡು ಹೋಗಿತ್ತು, ನೀನು ತೋರಿಸುವವರೆಗೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ಕಾಂಡವನ್ನು ಉದ್ದಕ್ಕೆ ಸೀಳಿದೆ. ಬೆಳ್ಳಗಿರಬೇಕಾದ ಕಟ್ಟಿಗೆಯೊಳಗೆ ಕಪ್ಪು ಗೆರೆ. ಬೇರಿನಿಂದ ನೀರು ಏರುವ ದಾರಿಯೇ ಕಟ್ಟಿಹೋಗಿದೆ ಅವ್ವಾ, ಇದು ಮಣ್ಣಿನಿಂದ ಬಂದ ನೆಟೆ ರೋಗ, ಎಲೆ ಮೇಲೆ ಹೊಡೆದರೆ ಏನೂ ಆಗಲ್ಲ ಅಂದೆ.

ಅಷ್ಟಕ್ಕೇ ಬಿಡಲಿಲ್ಲ. ನೀರು ನಿಲ್ಲುವ ಕೆಳಗಿನ ಮೂಲೆಗೆ ನನ್ನನ್ನು ಕರೆದುಕೊಂಡು ಹೋದೆ. ಅಲ್ಲಿಯ ಒಂದು ಗಿಡ ಹಿಡಿದು ಬಗ್ಗಿಸಿದೆ, ಪಟ್ ಅಂತ ಮುರಿಯಿತು. ಮುರಿದ ಕಡೆ ಕಾಂಡ ಕಂದಾಗಿ ಒಳಕ್ಕೆ ಕುಸಿದಿತ್ತು. ಸೀಳಿದರೆ ಒಳಗೆ ಆ ಕಪ್ಪು ಗೆರೆ ಇರಲಿಲ್ಲ. ಇದು ಬೇರೆ ರೋಗ, ಫೈಟಾಪ್ತೊರಾ, ನೀರು ನಿಂತ ಕಡೆ ಬರೋದು, ಇದಕ್ಕೆ ಮೊದಲು ನೀರು ಹರಿದುಹೋಗುವ ಕಾಲುವೆ ಬೇಕು ಅಂದೆ. ರಸ್ತೆಯಲ್ಲಿ ನಿಂತು ನೋಡಿದರೆ ಎರಡೂ ಗಿಡ ಒಂದೇ ಥರ ಒಣಗಿದ್ದವು.

ಆ ಸೀಳಿದ ಕಾಂಡವನ್ನು ನನ್ನ ಕೈಗೆ ಕೊಟ್ಟೆ. ನಿಮ್ಮಪ್ಪನ ಕೈಗಲ್ಲ, ನನ್ನ ಕೈಗೆ. ಅದನ್ನು ನಾನು ಯಾರಿಗೂ ಹೇಳಿಲ್ಲ, ಈಗ ನಿನಗೆ ಹೇಳುತ್ತಿದ್ದೇನೆ. ಮದುವೆಯಾಗಿ ಬಂದಾಗಿನಿಂದ ಈ ಮನೆಯ ಬೀಜ ಆರಿಸಿದವಳು, ಕೇರಿದವಳು, ಹದ ಮಾಡಿದವಳು ನಾನು. ಆದರೆ ಹೊಲದ ವಿಷಯವನ್ನು ನನ್ನ ಮುಖ ನೋಡಿ ಹೇಳಿದವಳು ನೀನೇ ಮೊದಲು.

ಆ ವರ್ಷ ಜೂನ್‌ನಲ್ಲಿ ಸಮುದಾಯ ಭವನದಲ್ಲಿ ಬೀಜೋಪಚಾರದ, ಅಂದರೆ ಬಿತ್ತುವ ಮೊದಲು ಬೀಜಕ್ಕೆ ಪುಡಿ ಕಲಸೋದರ, ಸಭೆ ಇತ್ತಲ್ಲ, ಬೆಳಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಊರಿನ ಹೆಣ್ಣುಮಕ್ಕಳೆಲ್ಲ ಹೊಲದಲ್ಲಿ. ಗಂಡಸರು ಹೋದರು, ಕೇಳಿದರು, ಚಹಾ ಕುಡಿದರು, ರೋಗ ತಡೆಯುವ ಟ್ರೈಕೋಡರ್ಮಾ ಪುಡಿಯ ಪಾಕೀಟು ತಂದರು. ನಿಮ್ಮಪ್ಪ ತಂದದ್ದನ್ನು ತಗಡಿನ ಶೆಡ್ಡಿನಲ್ಲಿ ಔಷಧಿ ಬಾಟಲಿಗಳ ಪಕ್ಕ ಇಟ್ಟ. ಬಿತ್ತುವ ದಿನ ಟ್ರ್ಯಾಕ್ಟರ್ ಕೂರಿಗೆ ಬಂದು ನಿಂತಿತ್ತು. ತಾಡಪತ್ರಿಯ ಮೇಲೆ ಬೀಜ ಹಾಕಿಕೊಂಡು ಕಲಸೋಕೆ ಕೂತವಳು ನಾನು. ಆ ಪುಡಿಯಲ್ಲಿ ಜೀವ ಇದೆ, ಅದು ಮೊಸರಿನ ಹೆಪ್ಪಿದ್ದ ಹಾಗೆ, ಬಿಸಿಲಿಗೆ ಸತ್ತುಹೋಗುತ್ತೆ, ರಾಸಾಯನಿಕ ಪುಡಿಯ ಜೊತೆ ಸೇರಿಸಬಾರದು, ಕಲಸಿದ ಮೇಲೆ ನೆರಳಲ್ಲಿ ಆರಿಸಬೇಕು ಅಂತ ಸಭೆಯಲ್ಲಿ ಹೇಳಿದ್ದರಂತೆ. ಅಷ್ಟೂ ಮಾತು ಸಮುದಾಯ ಭವನದಲ್ಲೇ ಉಳಿಯಿತು. ಪಾಕೀಟೊಂದೇ ಮನೆಗೆ ಬಂತು.

ಅದೊಂದರಿಂದಲೇ ಬೆಳೆ ಹೋಯ್ತು ಅಂತ ನಾನು ಹೇಳಲ್ಲ. ಅದೇ ಹೊಲಕ್ಕೆ ವರ್ಷ ವರ್ಷ ತೊಗರಿಯನ್ನೇ ಹಾಕಿದ್ದೆವು, ಮಳೆಯೂ ಜಾಸ್ತಿಯಾಗಿತ್ತು, ತಳಿಯೂ ಹಳೆಯದು. ನೀನೇ ಎಲ್ಲ ಬಿಡಿಸಿ ಹೇಳಿದ್ದೀಯ. ಆದರೆ ಯಾರ ಕೈ ಬೀಜ ಕಲಸುತ್ತೋ ಆ ಕೈಗೆ ವಿಷಯ ಮುಟ್ಟಲಿಲ್ಲ, ಅಷ್ಟಂತೂ ನಿಜ.

ಈಗ ನೋಡು, ನಿನ್ನ ತರಬೇತಿ ಯಾವುದರ ಮೇಲೆ ಅಂತ ನೀನೇ ಓದಿ ಹೇಳಿದೆ. ರೈತ ಮಹಿಳೆಯರಿಗೆ ಮಾಹಿತಿ ಮುಟ್ಟಿಸೋದು ಹೇಗೆ ಅನ್ನೋದು. ಬೇರೆ ಯಾವುದಾದರೂ ಆಗಿದ್ದರೆ ನಾನು ಇಷ್ಟು ಹಟ ಹಿಡಿಯುತ್ತಿರಲಿಲ್ಲವೋ ಏನೋ. ಹೈದರಾಬಾದಿನ ರಾಜೇಂದ್ರನಗರದ ಆ ಮ್ಯಾನೇಜ್ ಸಂಸ್ಥೆ 1987ರಿಂದ ಇದೇ ಕೆಲಸ ಮಾಡುತ್ತಿದೆ, ರೈತರಿಗೆ ಮಾಹಿತಿ ಮುಟ್ಟಿಸುವ ವಿಸ್ತರಣಾ ಅಧಿಕಾರಿಗಳು ದೇಶದ ಎಲ್ಲ ಕಡೆಯಿಂದ ಅಲ್ಲಿಗೆ ಬರುತ್ತಾರೆ ಅಂತ ನೀನೇ ಹೇಳಿದ್ದು. ಒಡಿಶಾದವರು, ಮಹಾರಾಷ್ಟ್ರದವರು ಪಕ್ಕದಲ್ಲಿ ಕೂತಿರುತ್ತಾರೆ. ನಮ್ಮಲ್ಲಿ ಹಿಂಗಾಯ್ತು, ನಿಮ್ಮಲ್ಲಿ ಹೆಂಗೆ ಮಾಡಿದಿರಿ ಅಂತ ಕೇಳು. ಪಾಠಕ್ಕಿಂತ ಊಟದ ಹೊತ್ತಿನ ಆ ಮಾತು ಹೆಚ್ಚು ಕೆಲಸಕ್ಕೆ ಬರುತ್ತೆ. ಹಿಂದಿನ ಸಾಲಲ್ಲಿ ಕೂರಬೇಡ.

ಇನ್ನೊಂದು ಮಾತು. ನಮ್ಮ ಊರವರು ರೋಗ ಬಂದರೆ ಮೊದಲು ಓಡೋದು ನಿಮ್ಮ ಕೇಂದ್ರಕ್ಕಲ್ಲ, ಗೊಬ್ಬರದ ಅಂಗಡಿಗೆ. ಆ ಅಂಗಡಿಯವರಿಗೂ ಈಗ ಡೇಸಿ ಅಂತ ಒಂದು ವರ್ಷದ ಡಿಪ್ಲೊಮಾ ಇದೆ, ಅದೂ ಮ್ಯಾನೇಜ್‌ನದೇ. ಅವರು ವ್ಯಾಪಾರ ಬಿಟ್ಟು ರಜಾ ದಿನ ಹೋಗಿ ಕಲಿಯುತ್ತಾರೆ. ಕೃಷಿ ಇಲಾಖೆಯ ಸಿಬ್ಬಂದಿಗೆ ತರಬೇತಿ ಕೊಡೋದು ನಿಮ್ಮ ಕೃಷಿ ವಿಜ್ಞಾನ ಕೇಂದ್ರದ ಕೆಲಸ. ಕಲಿಸುವವಳೇ ಕಲಿಯೋಕೆ ಹೋಗಲ್ಲ ಅಂದರೆ ರೈತ ಸಂಪರ್ಕ ಕೇಂದ್ರದ ಹುಡುಗರಿಗೆ ಏನು ಹೇಳುತ್ತೀಯ? ನೀನು ಓದಿದ ಮೇಲೆ ಎಷ್ಟು ಬದಲಾಗಿದೆ. ನಮ್ಮ ಊರಿಗೂ ಟಿಎಸ್-3ಆರ್ ಅನ್ನೋ ತೊಗರಿ ತಳಿ ಬಂತು, ಆಮೇಲೆ ಜಿಆರ್‌ಜಿ-811 ಬಂತು. ಕುಡಿ ಚಿವುಟೋಕೆ ಮಷೀನ್ ಬಂತು. ಡ್ರೋನ್ ಬಂತು, ಸಂಘದ ಹೆಣ್ಣುಮಕ್ಕಳಿಗೆ ಕೊಡ್ತಾರಂತೆ ಹೌದಾ ಅಂತ ನನ್ನನ್ನೇ ಕೇಳುತ್ತಾರೆ, ನಿನ್ನ ಅವ್ವ ಅಂತ.

ನನಗಿರುವ ಭಯ ಒಂದೇ. ನೀನು ಹೊಲಕ್ಕೆ ಇಳಿಯೋದು ಬಿಟ್ಟೀಯ ಅನ್ನೋ ಭಯ. ಇವತ್ತು ಇಳಿಯುತ್ತೀಯ, ನನಗೆ ಗೊತ್ತು. ಆದರೆ ಕೆಲಸ ಹಳೆಯದಾಗುತ್ತೆ. ವರದಿ ಜಾಸ್ತಿಯಾಗುತ್ತೆ, ಎಷ್ಟು ಸಭೆ, ಎಷ್ಟು ಜನ, ಎಷ್ಟು ಫೋಟೋ ಅಂತ ಲೆಕ್ಕ ಕೇಳುತ್ತಾರೆ. ಆ ಸಾಹೇಬರೂ ನಿನ್ನ ವಯಸ್ಸಿನಲ್ಲಿ ಹೊಲಕ್ಕೆ ಇಳಿದವರೇ ಇರಬೇಕು. ನನಗೆ ಎಲ್ಲ ಗೊತ್ತು, ಇನ್ನೇನು ಕಲಿಯೋದು ಅಂತ ಒಂದು ದಿನ ಅಂದಿರಬೇಕು, ಅಲ್ಲಿಂದ ಶುರುವಾಗಿರಬೇಕು. ನಿನ್ನೆ ನಿನ್ನ ಬಾಯಲ್ಲಿ ಆ ಧಾಟಿ ಕೇಳಿಸಿತು. ಅದಕ್ಕೇ ನನ್ನ ದನಿ ಏರಿದ್ದು. ನಿನ್ನ ಮೇಲೆ ಸಿಟ್ಟಿನಿಂದಲ್ಲ.

ಬಂದ ಮೇಲಿನ ನಿನ್ನ ಕೆಲಸವೆಲ್ಲ ನನಗೆ ಬಾಯಿಪಾಠ. ಜೂನ್‌ನಲ್ಲಿ ಬೀಜೋಪಚಾರ, ಬಿತ್ತಿ ಒಂದೂವರೆ ತಿಂಗಳಿಗೆ ಕುಡಿ ಚಿವುಟೋದು, ಹೂವಿನ ಹೊತ್ತಿಗೆ ಪಲ್ಸ್ ಮ್ಯಾಜಿಕ್ ಸಿಂಪಡಣೆ, ಅಕ್ಟೋಬರ್ 15ಕ್ಕೆ ರೈತ ಮಹಿಳೆಯರ ದಿನ, ಡಿಸೆಂಬರ್ 5ಕ್ಕೆ ಮಣ್ಣಿನ ದಿನ, ಕ್ಷೇತ್ರೋತ್ಸವ, ರಾಯಚೂರಿನ ಕೃಷಿ ಮೇಳ, ಫೆಬ್ರವರಿ 10ಕ್ಕೆ ಬೇಳೆಕಾಳುಗಳ ದಿನ. ಮಾಡು, ಎಲ್ಲ ಮಾಡು. ಆದರೆ ಅಕ್ಟೋಬರ್‌ನಲ್ಲಿ ಹತ್ತಿ ಬಿಡಿಸೋ ಕಾಲ. ಬೆಳಗ್ಗೆ ಹನ್ನೊಂದಕ್ಕೆ ವೇದಿಕೆ ಹಾಕಿ, ಹಾರ ಹಾಕಿ, ರೈತ ಮಹಿಳೆಯರೇ ಬನ್ನಿ ಅಂದರೆ ಒಂದು ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ಬಂದವರೂ ಊಟ ಎಷ್ಟೊತ್ತಿಗೆ ಅಂತ ನೋಡುತ್ತಿರುತ್ತಾರೆ, ಮನೆಯಲ್ಲಿ ಎಮ್ಮೆ ಕಾಯುತ್ತಿರುತ್ತೆ.

ಸಂಜೆ ಬಾ. ರೊಟ್ಟಿ ಬಡಿದು, ಊಟ ಮುಗಿಸಿ, ಎಂಟು ಗಂಟೆಗೆ ಸಂಘದ ಹೆಣ್ಣುಮಕ್ಕಳು ಉಳಿತಾಯದ ದುಡ್ಡು ಕಟ್ಟೋಕೆ ಗುಡಿಯ ಕಟ್ಟೆಗೆ ಬರುತ್ತಾರಲ್ಲ, ಅಲ್ಲಿಗೆ ಬಾ. ಮೈಕ್ ಬೇಡ. ಒಂದು ಬುಟ್ಟಿ ಬೀಜ, ಒಂದು ಪಾಕೀಟು, ಒಂದಿಷ್ಟು ನೀರು ತಗೊಂಡು ಅವರ ಕೈಯಿಂದಲೇ ಕಲಸಿಸು. ತಿಪ್ಪೆಗೊಬ್ಬರಕ್ಕೆ ಟ್ರೈಕೋಡರ್ಮಾ ಬೆರೆಸಿ, ಒದ್ದೆ ಗೋಣಿಚೀಲ ಮುಚ್ಚಿ ನೆರಳಲ್ಲಿ ಇಡೋದನ್ನೂ ತೋರಿಸು. ಆಮೇಲೆ ಬೆಳೆ ಮೊಣಕಾಲೆತ್ತರ ಬಂದಾಗ ಇನ್ನೊಮ್ಮೆ ಬಾ. ಒಂದು ಸಲ ಬಂದು ಹೇಳಿಹೋದವರನ್ನು ಊರು ನೆನಪಿಡಲ್ಲ. ಎರಡನೇ ಸಲ ಬಂದು ಏನಾಯ್ತು ಅಂತ ಕೇಳಿದವರನ್ನು ಬಿಡಲ್ಲ.

ಸಂಜೆ ಬಾ ಅಂತ ಹೇಳಿಬಿಟ್ಟೆ, ಈಗ ಅದೇ ಚಿಂತೆ. ರಾತ್ರಿ ಸ್ಕೂಟಿ ಮೇಲೆ ಒಬ್ಬಳೇ ವಾಪಸ್ ಹೋಗಬೇಡ. ಮಳೆಗಾಲದಲ್ಲಿ ಸಿಡಿಲು, ರಸ್ತೆಯ ಮೇಲೆಲ್ಲ ಎರೆ ಮಣ್ಣಿನ ಜಾರು. ನಮ್ಮ ಕಡೆಯ ಊರಾದರೆ ಮನೆಗೆ ಬಂದು ಮಲಗು. ಬೇರೆ ಊರಾದರೆ ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗು, ಕಚೇರಿ ಗಾಡಿ ಕೇಳು. ಕೇಳೋಕೆ ಸಂಕೋಚ ಬೇಡ, ಅದು ನಿನ್ನ ಹಕ್ಕು. ಮತ್ತೆ ಉಪದೇಶಕ್ಕೆ ಇಳಿದೆ ಅನ್ನುತ್ತೀಯ, ಅನ್ನು.

ಮೊನ್ನೆ ಸೇಡಂ ಸಂತೆಯಲ್ಲಿ ಒಬ್ಬ ಹೆಣ್ಣುಮಗಳು ನನ್ನನ್ನು ನಿಲ್ಲಿಸಿ, ಗಿಡ ಕಿತ್ತು ಸೀಳಿ ನೋಡ್ತಾರಲ್ಲ ಆ ಮೇಡಂ ನಿಮ್ಮ ಮಗಳಾ ಅಂತ ಕೇಳಿದಳು. ನಿನ್ನ ಹೆಸರು ಅವಳಿಗೆ ಗೊತ್ತಿರಲಿಲ್ಲ. ಹೌದು ಅಂದೆ. ನನಗೆ ಎಷ್ಟು ಖುಷಿಯಾಯ್ತು ಅಂತ ಬರೆಯೋಕೆ ಬರಲ್ಲ.

ಹೋಗುವಾಗ ನನ್ನ ಮೂರು ಪ್ರಶ್ನೆ ತಗೊಂಡು ಹೋಗು, ಅಲ್ಲಿ ಕೇಳು. ಒಂದು, ಪಾಕೀಟಿನೊಳಗಿನ ಟ್ರೈಕೋಡರ್ಮಾ ಬದುಕಿದೆಯೋ ಸತ್ತಿದೆಯೋ ಅಂತ ಮನೆಯಲ್ಲೇ ತಿಳಿಯೋಕೆ ಏನಾದರೂ ದಾರಿ ಇದೆಯಾ. ಎರಡು, ರೋಗ ಬಂದ ತೊಗರಿಯ ಕೂಳೆಯಲ್ಲಿ ಆ ಶಿಲೀಂಧ್ರ ಮೂರು ವರ್ಷದವರೆಗೂ ಉಳಿಯುತ್ತೆ, ಜೋಳ ಹಾಕಿ ಹೊಲ ಬದಲಿಸಿ ಅಂತ ನೀವು ಹೇಳುತ್ತೀರಿ. ಆದರೆ ಎರಡೇ ಎಕರೆ ಇದ್ದವರು ತೊಗರಿಯ ದುಡ್ಡು ಬಿಟ್ಟು ಆ ವರ್ಷ ಹೇಗೆ ದಾಟಬೇಕು. ತೊಗರಿಯ ನಡುವೆ ಜೋಳದ ಸಾಲು ಹಾಕಿದರೂ ರೋಗ ಕಡಿಮೆಯಾಗುತ್ತೆ ಅಂದಿದ್ದೆ, ಎಷ್ಟಕ್ಕೆ ಎಷ್ಟು ಸಾಲು ಅಂತ ಸರಿಯಾಗಿ ಕೇಳಿಕೊಂಡು ಬಾ.

ಮೂರನೆಯದು ನಮ್ಮ ಓಣಿಯವರದು. ಲಾವಣಿಗೆ, ಅಂದರೆ ಗುತ್ತಿಗೆಗೆ, ಹೊಲ ಮಾಡುವ ಹೆಣ್ಣುಮಕ್ಕಳು, ಗಂಡ ಸತ್ತು ಮಾವನ ಹೆಸರಿನ ಹೊಲ ಮಾಡುವವರು, ಇವರ ಹೆಸರು ಪಹಣಿಯಲ್ಲಿಲ್ಲ. ಪಹಣಿ ಇಲ್ಲ ಅಂದರೆ ಫ್ರೂಟ್ಸ್ ಐಡಿ ಅನ್ನೋ ರೈತರ ನೋಂದಣಿ ಸಂಖ್ಯೆ ಇಲ್ಲ, ಐಡಿ ಇಲ್ಲ ಅಂದರೆ ರಿಯಾಯಿತಿ ಬೀಜ ಇಲ್ಲ, ನಿಮ್ಮ ಪ್ರಾತ್ಯಕ್ಷಿಕೆ ಪಟ್ಟಿಯಲ್ಲೂ ಹೆಸರು ಬರಲ್ಲ. ಹೊಲದಲ್ಲಿ ದಿನವಿಡೀ ಬಗ್ಗಿರುವವರು ಅವರೇ. ಅವರನ್ನು ಪಟ್ಟಿಗೆ ಸೇರಿಸೋಕೆ ಬೇರೆ ರಾಜ್ಯದವರು ಏನು ಮಾಡಿದ್ದಾರೆ, ಕೇಳು. ಕೇಳಿ ಬರೆದುಕೊಂಡು ಬಾ, ಅವರು ಈಗಲೇ ನನ್ನನ್ನು ಕೇಳುತ್ತಿದ್ದಾರೆ.

ಇಂತಿ,
ನಿನ್ನ ಅವ್ವ