ಕೌದಿ ಇನ್ನೂ ನನ್ನ ಹತ್ರಾನೇ ಇದೆ, ಮಾಮಾ

ಶುಕ್ರವಾರ ಪಿಎಚ್‌ಡಿ ವೈವಾ ಮುಗಿಯಿತು. ಇನ್ನು ಮೇಲೆ ನಾನು ಡಾಕ್ಟರ್ ಅಂತೆ. ಊರಲ್ಲಿ ಆಗಲೇ ಇಬ್ಬರು ಮೊಣಕಾಲು ನೋವಿಗೆ ಗುಳಿಗೆ ಕೇಳಿದ್ದಾರೆ.

ಆರು ವರ್ಷ ಬೆಳಗಾವಿಯಲ್ಲಿ ಏನು ಮಾಡಿದೆ ಅಂತ ನಿಮಗೆಲ್ಲ ಗೊತ್ತು. ಗೊತ್ತಿಲ್ಲದವರಿಗೆ ಇಷ್ಟು: ಸಿಲಿಕೋನ್ ಹಾಳೆಯ ಮೇಲೆ ಸಣ್ಣ ಗೀರು ಮೂಡಿಸಿ, ಕೋಳಿ ಭ್ರೂಣದ ನರಕೋಶ ಅದರ ಮೇಲೆ ಯಾವ ಕಡೆ ಬೆಳೆಯುತ್ತದೆ ಅಂತ ನೋಡೋದು. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಹಾಕುವ ಮರದ ಅಚ್ಚು ಇರುತ್ತಲ್ಲ, ಹಾಗೇ. ಅಚ್ಚಿಗೆ ಸುರಿದು, ಗಟ್ಟಿಯಾದ ಮೇಲೆ ಬಿಡಿಸೋದು. ಗೀರಿನ ಅಗಲ ಮಾತ್ರ ತಲೆಗೂದಲಿನ ಹತ್ತನೇ ಒಂದು ಪಾಲೂ ಇಲ್ಲ.

ಗೈಡ್ ಮೇಡಂ, ಲ್ಯಾಬಿನ ಗೆಳೆಯರು, ಹಾಸ್ಟೆಲಿನ ಹುಡುಗಿಯರು, ಮೊಟ್ಟೆಯ ಟ್ರೇ ಹಿಡಿದುಕೊಂಡು ಬಸ್ಸಿನಲ್ಲಿ ನಿಂತವಳಿಗೆ ಸೀಟು ಬಿಟ್ಟುಕೊಟ್ಟ ಕಂಡಕ್ಟರ್, ಆ ಟ್ರೇ ಮನೆಯೊಳಗೆ ಬಂದಾಗ ಕಂಡೂ ಕಾಣದಂತಿದ್ದ ಅತ್ತೆ, ಎಲ್ಲರಿಗೂ ದೊಡ್ಡ ನಮಸ್ಕಾರ. ನಿಮ್ಮ ಬಗ್ಗೆ ಎದುರಿಗೇ ಹೇಳ್ತೀನಿ.

ಇಲ್ಲಿ ಬರೆಯಬೇಕಾದದ್ದು ಮಾಮಾ ಬಗ್ಗೆ. ನಮ್ಮ ಲ್ಯಾಬಿನ ಅಟೆಂಡರ್.

ಮಾಮಾಗೆ ಮೊದಲ ದಿನದಿಂದಲೂ ಪ್ರಶ್ನೆ ಜಾಸ್ತಿ. 1914ರಲ್ಲಿ ರಾಸ್ ಹ್ಯಾರಿಸನ್ ಅನ್ನುವವರು ಕಪ್ಪೆ ಭ್ರೂಣದ ಕೋಶಗಳನ್ನು ಜೇಡರ ಬಲೆಯ ಎಳೆಯ ಮೇಲೆ ಬಿಟ್ಟು ನೋಡಿದ್ದರು, ಅವು ಎಳೆ ಹಿಡಿದುಕೊಂಡೇ ಸಾಗಿದವು ಅಂತ ಒಂದು ಸಲ ಸುಮ್ನೆ ಹೇಳಿದ್ದೆ. ಅವತ್ತಿನಿಂದ ಮೂಲೆಯಲ್ಲಿ ಬಲೆ ಕಂಡರೆ ಕಸಬರಿಗೆ ಎತ್ತುವ ಮೊದಲು, "ಅಕ್ಕಾರ, ಇದು ಬೇಕಾಗತೈತೇನ್ರಿ?" ಅಂತ ಕೇಳೋರು. ನಗೋದೋ ಬಿಡೋದೋ ಗೊತ್ತಾಗುತ್ತಿರಲಿಲ್ಲ.

ಬೆಳೆಯುವ ನರದ ತುದಿ ಬೆರಳು ಚಾಚಿ ನೆಲ ತಡವುತ್ತದೆ, ಹಿಡಿತ ಸಿಕ್ಕ ಕಡೆಗೆ ತಿರುಗುತ್ತದೆ, ಗೀರಿನ ಅಂಚು ದಾಟಿ ಬಾಗೋದಕ್ಕಿಂತ ಉದ್ದಕ್ಕೆ ಹೋಗೋದೇ ಅದಕ್ಕೆ ಸುಲಭ ಅಂತ ನಾನು ಅರ್ಧ ಗಂಟೆ ವಿವರಿಸಿದ್ದೆ. ಮಾಮಾ ಕೇಳಿಸಿಕೊಂಡು, "ಎರಿ ಹೊಲದಾಗ ಬಂಡಿ ಜಾಡಿಗೆ ಗಾಲಿ ಬಿದ್ದಂಗ ಅನ್ರಿ" ಅಂದರು. ಆಳವಿಲ್ಲದ ಗೀರಿನ ಮೇಲೆ ನರ ಅಡ್ಡಡ್ಡ ಹೋಗ್ತಿದೆ, ನನ್ನದೇ ಏನೋ ತಪ್ಪಿದೆ ಅಂತ ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದಾಗಲೂ ಅಷ್ಟೇ: "ಜಾಡು ಆಳ ಇಲ್ಲಂದ್ರ ಗಾಲಿ ಹೊರಗ ಹೋಗೂದ." ವೈವಾದಲ್ಲಿ ಇದನ್ನೇ ನಾನು ಇಂಗ್ಲಿಷಿನಲ್ಲಿ ಹತ್ತು ನಿಮಿಷ ಹೇಳಿದೆ.

ಆಮೇಲೆ ಆ ಜುಲೈ ರಾತ್ರಿ. ಬೆಳಗಾವಿ ಮಳೆ ನಿಮಗೆ ಗೊತ್ತಲ್ಲ. ಹತ್ತೂವರೆಗೆ ಕರೆಂಟ್ ಹೋಯಿತು, ಜನರೇಟರ್ ಶುರುವಾಗಲಿಲ್ಲ. ಇನ್‌ಕ್ಯುಬೇಟರ್ ಒಳಗೆ ಕೊನೆಯ ಆರು ಪ್ಲೇಟು, 37 ಡಿಗ್ರಿಯಲ್ಲೇ ಇರಬೇಕಾದವು. ಅದು ಹೋದರೆ ಮತ್ತೆ ಮೊಟ್ಟೆಯಿಂದ ಶುರು, ಫೆಲೋಶಿಪ್ ಮುಗಿಯೋಕೆ ಇದ್ದದ್ದು ಐದು ವಾರ. ನಾನು ಬಾಗಿಲು ತೆಗೆದು ನೋಡಲು ಹೋದೆ. ಮಾಮಾ ಕೈ ಅಡ್ಡ ಹಿಡಿದು, "ತಗೀಬ್ಯಾಡ್ರಿ, ಇದ್ದ ಕಾವೂ ಹೋಗತೈತಿ" ಅಂದರು. ಸೈಕಲ್ ಹತ್ತಿ ಮನೆಗೆ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎರಡು ಕೌದಿ ತಂದರು. ತಾವು ಪೂರ್ತಿ ತೊಯ್ದಿದ್ದರು, ಕೌದಿ ಒಣಗಿತ್ತು. ಇನ್‌ಕ್ಯುಬೇಟರಿಗೆ ಕೂಸಿಗೆ ಹೊದಿಸಿದ ಹಾಗೆ ಹೊದಿಸಿದರು.

ಆಮೇಲೆ ಮಾಡೋಕೆ ಏನೂ ಇರಲಿಲ್ಲ. ಕತ್ತಲಲ್ಲಿ ನೆಲದ ಮೇಲೆ ಕೂತು ನಾನು ಅಳೋಕೆ ಶುರು ಮಾಡಿದೆ. ಪ್ಲೇಟಿಗಲ್ಲ. ಅಪ್ಪನ ಬಲಗೈ ಕಬ್ಬು ಕಡಿಯುವಾಗ ಮೊಣಕೈ ಹತ್ತಿರ ಕೊಯ್ದದ್ದು, ನರ ಹೊಲಿದರೂ ಎರಡು ಬೆರಳಿಗೆ ಸ್ಪರ್ಶ ಬಾರದೇ ಹೋದದ್ದು, ಈಗಲೂ ಚಹಾ ಬಿಸಿಯಿದೆಯಾ ಅಂತ ಎಡಗೈಯಲ್ಲಿ ಮುಟ್ಟಿ ನೋಡೋದು ನಿಮಗೆ ಗೊತ್ತು. ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಮೊಣಕೈಯಿಂದ ಬೆರಳ ತುದಿಗೆ ವರ್ಷದ ಮೇಲೆ ಬೇಕು, ಅದೂ ದಾರಿ ತಪ್ಪದಿದ್ದರೆ. ತಪ್ಪಿದರೆ ಅಲ್ಲೇ ಗಂಟಾಗುತ್ತದೆ. ನರ ತುಂಡಾಗಿ ನಡುವೆ ಜಾಗ ಬಿದ್ದರೆ, ಸಣ್ಣ ಅಂತರಕ್ಕೆ ಕೊಳವೆ ಹಾಕುತ್ತಾರೆ. ಉದ್ದ ಇದ್ದರೆ ಇವತ್ತಿಗೂ ಸಾಮಾನ್ಯವಾಗಿ ರೋಗಿಯ ಕಾಲಿನಿಂದಲೇ ಒಂದು ನರ ತೆಗೆದು ಜೋಡಿಸೋದು. ಕೊಳವೆಯ ಒಳಗೂ ನರ ಹಿಡಿದು ಹೋಗಲು ಜಾಡು ಇರಲಿ ಅನ್ನೋದು ನನ್ನಂಥವರ ಆಸೆ. ನನ್ನದು ಪ್ಲೇಟಿನ ಮೇಲಿನ ಗೀರು ಅಷ್ಟೇ. ಅಪ್ಪನ ಬೆರಳಿಗೆ ಇದರಿಂದ ಏನೂ ಆಗೋದಿಲ್ಲ. ಆರು ವರ್ಷ ಯಾರಿಗೂ ಹೇಳದ ಈ ಮಾತನ್ನು ಅವತ್ತು ಮಾಮಾಗೆ ಹೇಳಿದೆ.

ಮಾಮಾ ಸಮಾಧಾನ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಇರ್ಲಿ ಬಿಡ್ರಿ, ಮೊದಲ ಕರೆಂಟ್ ಬರ್ಲಿ" ಅಂದರು. ಬೆಳಗಿನ ಜಾವ ನಾಲ್ಕಕ್ಕೆ ಬಂತು. ಅಲ್ಲಿಯವರೆಗೂ ಎದ್ದೇ ಇದ್ದರು, ಮರುದಿನ ಎಂಟಕ್ಕೆ ಡ್ಯೂಟಿಗೂ ಬಂದರು.

ಆರರಲ್ಲಿ ಎರಡು ಪ್ಲೇಟು ಉಳಿದವು. ಥೀಸಿಸ್‌ನ ನಾಲ್ಕನೇ ಅಧ್ಯಾಯದಲ್ಲಿರೋ ಚಿತ್ರಗಳೆಲ್ಲ ಆ ಎರಡರದ್ದೇ. ಉದ್ದುದ್ದ ಗೀರಿನ ಗುಂಟ ಹೋದ ಎಳೆಗಳನ್ನು ನೋಡಿದಾಗಲೆಲ್ಲ ನನಗೆ ಕೌದಿಯ ಹೊಲಿಗೆಯೇ ಕಾಣುತ್ತದೆ, ಏನು ಮಾಡೋದು.

ಮಾಮಾ ಫೋನಿನಲ್ಲಿ ಓದೋದಿಲ್ಲ. ಮಗಳು ಓದಿ ಹೇಳ್ತಾಳೆ ಅಂತ ಗೊತ್ತು. ತಂಗೀ, ಅಪ್ಪನಿಗೆ ಹೇಳು: ಕೌದಿ ಒಗೆದು ಒಣಗಿಸಿದ್ದೇನೆ, ಒಂದು ಕಡೆ ಹೊಲಿಗೆ ಬಿಟ್ಟಿತ್ತು, ಅವ್ವ ಹಾಕಿಕೊಟ್ಟಿದ್ದಾಳೆ. ಸೋಮವಾರ ತರ್ತೀನಿ, ಜೊತೆಗೆ ಒಂದು ಕಿಲೋ ಕುಂದಾ.