ಹಂಚಿಕೆಯ ವಿಳಾಸವೆಂದು ಮೊದಲೇ ಹೇಳಲಿ

ಮಾನ್ಯರೇ,

ಗಂಗಾವತಿಯ ನಮ್ಮ ಮನೆಯಲ್ಲಿ ಎರಡು ಹಳೇ ಕಂಪ್ಯೂಟರ್‌ಗಳೇ ಸರ್ವರ್, ಅಂದರೆ ಅವುಗಳಲ್ಲಿರುವುದನ್ನು ಹೊರಗಿನಿಂದಲೂ ಇಂಟರ್ನೆಟ್ ಮೂಲಕ ನೋಡಬಹುದು. ಒಂದರಲ್ಲಿ ಅಕ್ಕಿ ಗಿರಣಿಯ ಲೆಕ್ಕ, ಇನ್ನೊಂದರಲ್ಲಿ ಮನೆಮಂದಿಯ ಫೋಟೊ. ಇಂಟರ್ನೆಟ್ ವಿಳಾಸ ಒಂದೇ ಆದರೂ ತೊಂದರೆಯಿಲ್ಲ. ಮುಂದೊಂದು ರಿವರ್ಸ್ ಪ್ರಾಕ್ಸಿ (ಬಂದವರಿಗೆ ದಾರಿ ತೋರುವ ತಂತ್ರಾಂಶ) ಕೂರಿಸಿದರೆ, 443ನೇ ಪೋರ್ಟ್‌ಗೆ, ಅಂದರೆ ಸುರಕ್ಷಿತ ವೆಬ್‌ಸೈಟ್‌ಗಳ ಬಾಗಿಲಿಗೆ, ಬಂದವರು ಕೇಳಿದ ಡೊಮೇನ್ ಹೆಸರು ನೋಡಿ ಆಯಾ ಯಂತ್ರಕ್ಕೆ ದಾಟಿಸುತ್ತದೆ.

ಈಚೆಗೆ ಬ್ರಾಡ್‌ಬ್ಯಾಂಡ್‌ನವರು ಆ ಒಂದು ವಿಳಾಸವನ್ನೂ ಹತ್ತಾರು ಮನೆಗಳಿಗೆ ಹಂಚಿದ್ದಾರೆ. ರೂಟರ್‌ನಲ್ಲಿ 100.64ರಿಂದ 100.127ರೊಳಗಿನ ಅಂಕಿಯಿಂದ ಶುರುವಾಗುವ ಇಂಟರ್ನೆಟ್ ವಿಳಾಸ ಕಂಡರೆ ಅದು ಹಂಚಿಕೆಯದೇ, ಮುಗೀತು. ಪೋರ್ಟ್ ಫಾರ್ವರ್ಡ್ ಮಾಡಿದರೂ (ಹೊರಗಿನಿಂದ ಬಂದವರನ್ನು ಮನೆಯ ಯಂತ್ರಕ್ಕೆ ಕಳಿಸಲು ರೂಟರ್‌ಗೆ ಹೇಳಿದರೂ) ಹೊರಗಿನವರು ಒಳಬರಲಾರರು. ಬ್ರಾಡ್‌ಬ್ಯಾಂಡ್‌ನವರನ್ನು ಕೇಳಿದರೆ ‘ವಾಟ್ಸ್‌ಆ್ಯಪ್ ಓಡ್ತೈತಲ್ರೀ ಸರ್’ ಅನ್ನುತ್ತಾರೆ!

ಐಪಿವಿ4 ಎಂಬ ಹಳೇ ಮಾದರಿಯ ಇಂಟರ್ನೆಟ್ ವಿಳಾಸಗಳಿಗೆ ಬರ ಬಂದಿರುವುದು ನಿಜ, ಇರುವುದೇ ಸುಮಾರು 430 ಕೋಟಿ ವಿಳಾಸ. ಹಾಗಾದರೆ ವಿಳಾಸಗಳಿಗೆ ಕೊರತೆಯೇ ಇಲ್ಲದ ಹೊಸ ಮಾದರಿ ಐಪಿವಿ6 ಕೊಡಲು ಏನಡ್ಡಿ? ಅದೂ ಆಗದಿದ್ದರೆ, ಹಣ ಕಟ್ಟಿಸಿಕೊಳ್ಳುವ ಮೊದಲೇ ಅರ್ಜಿಯಲ್ಲಿ ‘ಹಂಚಿಕೆಯ ವಿಳಾಸ’ ಎಂದು ಬರೆದು ತೋರಿಸಲಿ.

– ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ