ಒತ್ತಿದ ಕೂಡ್ಲೆ ಬಟನ್ ಕೆಲ್ಸಾ ಮಾಡ್ಲಿ

ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ನಮ್ಮ ಕಾಕಾಂದು ತೊಗರಿ ಬೆಳಿ ಅರ್ಜಿ ತುಂಬ್ಲಕ್ಕ ಆಳಂದದಾಗ ಮೊಬೈಲ್ ಹಿಡ್ಕೊಂಡು ಕುಂತಿದ್ವಿ. ಆ ಸೈಟಿನ್ಯಾಗ 'ಮುಂದೆ' ಬಟನ್ ಒತ್ತಿದ್ರ ಒಂದು ಕ್ಷಣ ಏನೂ ಆಗಂಗಿಲ್ಲ, ಒತ್ತಿಲ್ಲೇನೋ ಅಂತ ಕಾಕಾ ಹೆಬ್ಬೆರಳಿಂದ ಇನ್ನೊಮ್ಮೆ ಒತ್ತಿದ್ರು, ಪೇಜ್ ಭಕ್ಕನೆ ದೊಡ್ಡದಾಗಿ ಬಟನ್ನೇ ಸ್ಕ್ರೀನ್ ಬಿಟ್ಟು ಆಚಿ ಹೋತು. ನಾಕು ಸಲ ಹಿಂಗೇ ಆತ್ರಿ. "ನನ್ನ ಬೆರಳೇ ಸರಿ ಇಲ್ಲ ಬಿಡಪ್ಪ" ಅಂದ್ರು, ಕೇಳಿ ಭಾಳ ಬ್ಯಾಸ್ರ ಆತು.

ತಪ್ಪು ಬೆರಳಿಂದಲ್ರಿ. 2007ರಾಗ ಐಫೋನ್ ಬಂದಾಗ ಕಂಪ್ಯೂಟರ್‌ಗಂತ ಮಾಡಿದ ಪೇಜ್ ಸಣ್ಣ ಸ್ಕ್ರೀನಿನ್ಯಾಗ ಓದ್ಲಕ್ಕ ಎರಡು ಸಲ ಒತ್ತಿದ್ರ ಝೂಮ್ ಆಗೋಹಂಗ ಮಾಡಿದ್ರು, ಅದಕ್ಕೇ ಎರಡನೇ ಸಲ ಒತ್ತತಾರೇನೋ ಅಂತ ಬ್ರೌಸರ್ (ಸೈಟ್ ತೆಗೆಯೋ ಆ್ಯಪ್) ಸುಮಾರು 300 ಮಿಲಿಸೆಕೆಂಡ್, ಅಂದ್ರ ಸೆಕೆಂಡಿನ ಮೂರನೇ ಒಂದು ಭಾಗದಷ್ಟು, ಕಾಯ್ತದ, ಆಮ್ಯಾಲೇ ಕ್ಲಿಕ್ ಅಂತ ತಿಳ್ಕೊಂತದ. 2014ರಾಗ ಆಂಡ್ರಾಯ್ಡ್‌ಗೆ ಕ್ರೋಮ್ ಬ್ರೌಸರಿನ 32ನೇ ಆವೃತ್ತಿ ಬಂದ ಮ್ಯಾಲೆ, ಪೇಜಿನ ಅಗಲ ಫೋನಿನಷ್ಟೇ ಅಂತ ಪೇಜ್ ಸ್ಕ್ರೀನಿಗೆ ಹೆಂಗ ಹೊಂದಬೇಕಂತ ಕೋಡಿನ್ಯಾಗ ಹೇಳೋ ವ್ಯೂಪೋರ್ಟ್ ಟ್ಯಾಗಿನ್ಯಾಗ ಒಂದು ಸಾಲು ಬರದ್ರ ಈ ಕಾಯೋದೇ ಇಲ್ಲ. ಐಫೋನಿನ್ಯಾಗೂ 2016ರಾಗ ಇದು ಬಂತು. ಕಾಕಾ ತುಂಬಿದ ಸೈಟಿನ್ಯಾಗ ಆ ಸಾಲೇ ಇಲ್ಲ, ನಾನೇ ಸೋರ್ಸ್ (ಪೇಜಿನ ಕೋಡ್) ತೆಗೆದು ನೋಡೀನಿ.

ಸೈಟ್ ಮಾಡಿದವ್ರು ಆ ಸಾಲು ಹಾಕ್ರಿ, ಹಂಗಂತ ಝೂಮ್ ಪೂರಾ ಬಂದ್ ಮಾಡಬ್ಯಾಡ್ರಿ, ಕಣ್ಣು ಮಂಜಾದವ್ರಿಗೆ ಎರಡು ಬೆರಳಿಂದ ದೊಡ್ಡದು ಮಾಡ್ಕೊಂಡು ಓದೋದು ಬೇಕೇ ಬೇಕು. ಪೇಜ್ ಪೂರಾ ಬದಲ್ ಮಾಡ್ಲಕ್ಕ ಆಗಲ್ಲಂದ್ರ ಪೇಜ್ ಹೆಂಗ ಕಾಣ್ಬೇಕಂತ ಹೇಳೋ ಕೋಡ್ ಸಿಎಸ್ಎಸ್‌ನಾಗ ಬಟನ್‌ಗಳಿಗೆ ಟಚ್-ಆಕ್ಷನ್ ಮ್ಯಾನಿಪುಲೇಶನ್ (ಎರಡು ಸಲ ಒತ್ತಿದ್ರ ಝೂಮ್ ಬ್ಯಾಡ ಅಂತ ಹೇಳೋ ಸಾಲು) ಅಂತ ಹಾಕಿದ್ರೂ ನಡೀತದ. ಮುಂದಿನ ತೊಗರಿ ನೋಂದಣಿ ಚಾಲೂ ಆಗೋದ್ರಾಗ ಇದೊಂದು ಮಾಡಿ ಕೊಡ್ರಿ.

- ಒಬ್ಬ ಓದುಗ, ಆಳಂದ ತಾಲ್ಲೂಕು, ಕಲಬುರಗಿ